ಚಳಿಗಾಲದಲ್ಲಿ ಸಣ್ಣ ಬೆಟ್ಟದ ಕಲ್ಲಿನ ಏಣು ಹತ್ತುವುದು: ಮೈಕ್ರೋಸ್ಪೈಕ್ ಸಾಕೇ, ಹಗ್ಗ ಬೇಕೇ?

ತಪ್ಪಲು_ನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಟ್ಟದ ಎತ್ತರ ಸುಮಾರು 850 ಮೀಟರ್. ನಡಿಗೆ ಶುರುವಾಗುವ ಜಾಗವೇ 250 ಮೀಟರಿನಲ್ಲಿದೆ, ಹಾಗಾಗಿ ಏರಬೇಕಾದ್ದು 600 ಮೀಟರ್ ಅಷ್ಟೇ. ಮೊದಲ 4 ಕಿ.ಮೀ. ಕಾಲುದಾರಿ, ಬೋಗುಣಿಯಂಥ ಒಂದು ಕಣಿವೆಯ ಒಳಗಿಂದ ಹೋಗಿ 650 ಮೀಟರ್ ಮಟ್ಟ ತಲುಪುತ್ತದೆ. ಅಲ್ಲಿಂದ 400 ಮೀಟರ್ ಉದ್ದದ ಕಲ್ಲಿನ ಏಣು, ಅಂದರೆ ರಿಡ್ಜ್. ಅದರ ಮೇಲೆ ಕೈಕಾಲು ಎರಡೂ ಬಳಸಿ 200 ಮೀಟರ್ ಏರಿದರೆ ನೆತ್ತಿ. ಅರ್ಧದಲ್ಲಿ ಒಂದು ಕಚ್ಚು ಇದೆ. 4 ಮೀಟರಿನಷ್ಟು ಇಳಿದು ಮತ್ತೆ ಹತ್ತಬೇಕು. ಏಣಿನ ಒಂದು ಪಕ್ಕದಲ್ಲಿ, ಹತ್ತು ಮೀಟರ್ ಕೆಳಗೆ, ಬೇಸಿಗೆಯಲ್ಲಿ ಜನ ಓಡಾಡುವ ಬಳಸುದಾರಿ ಇದೆ. ಇಳಿಯಲು ಬೆನ್ನಿನ ಕಡೆಯಿಂದ 4.5 ಕಿ.ಮೀ. ಸಲೀಸಾದ ಹಾದಿ. ಬೇಸಿಗೆಯಲ್ಲಿ ಹಗ್ಗವಿಲ್ಲದೆ ಹೋಗುವ ಸುಲಭ ದರ್ಜೆಯ ಸ್ಕ್ರಾಂಬ್ಲಿಂಗ್ ಇದು.

ಚಳಿಗಾಲದಲ್ಲಿ ಇಬ್ಬರು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು. ಸೂರ್ಯೋದಯ 8:15, ಸೂರ್ಯಾಸ್ತ 4:15. ಕೆಳಗಿನ ತಾಪಮಾನ 4 ಡಿಗ್ರಿ, ಮೇಲೆ ಗಾಳಿ ಗಂಟೆಗೆ 40 ಕಿ.ಮೀ. ಎಂಬ ಮುನ್ಸೂಚನೆ ಸಾಮಾನ್ಯ. ಸ್ವಲ್ಪ ಗಡುಸಾದ ಚಾರಣದ ಬೂಟು ಮತ್ತು ಮೈಕ್ರೋಸ್ಪೈಕ್ (ಬೂಟಿಗೆ ಎಳೆದು ತೊಡಿಸುವ, ಸಣ್ಣ ಹಲ್ಲುಗಳ ಸರಪಳಿ) ಇವೆ. ಐಸ್ ಆಕ್ಸ್ (ಹಿಮಗೊಡಲಿ), ಕ್ರಾಂಪಾನ್ (ಬೂಟಿನಡಿ ಕಟ್ಟುವ ಉದ್ದ ಮೊಳೆಗಳ ಲೋಹದ ಚೌಕಟ್ಟು) ಇನ್ನೂ ಇಲ್ಲ. ಮೈಕ್ರೋಸ್ಪೈಕಿನಲ್ಲೇ ಆಗುತ್ತದೆಯೇ? ಹಗ್ಗ ಒಯ್ಯಬೇಕೇ? ಯಾವ ಸ್ಥಿತಿ ಕಂಡರೆ ವಾಪಸ್ ಬರಬೇಕು? ಕಚ್ಚಿನ ಹತ್ತಿರ ಕಷ್ಟವಾದರೆ ಬಳಸುದಾರಿಗೆ ಇಳಿದುಬಿಡೋಣ ಅನ್ನುವುದು ಸದ್ಯದ ಲೆಕ್ಕ.

ಇಬ್ಬನಿಗಲ್ಲು (ಉತ್ತರ)

"600 ಮೀಟರ್ ಅಷ್ಟೇ" ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಸಣ್ಣ ಬೆಟ್ಟದ ಕಾಟ ಇರುವುದೇ ಅದು ಸಣ್ಣದಾಗಿರುವುದರಲ್ಲಿ. ಮೇಲೆ ಹೋದಂತೆ ಸರಾಸರಿ 1000 ಮೀಟರಿಗೆ 6.5 ಡಿಗ್ರಿಯಂತೆ ತಂಪಾಗುತ್ತದೆ. ಕೆಳಗೆ 4 ಡಿಗ್ರಿ ಇದ್ದರೆ ನಿಮ್ಮ ನೆತ್ತಿಯಲ್ಲಿ ಹತ್ತಿರಹತ್ತಿರ ಸೊನ್ನೆ. ಅಂದರೆ ನೀರು ಹೆಪ್ಪುಗಟ್ಟುವ ಮಟ್ಟ ಸರಿಯಾಗಿ ನಿಮ್ಮ ಏಣಿನ ಮೇಲೇ ಹತ್ತಿ ಇಳಿಯುತ್ತಿರುತ್ತದೆ. ಹಗಲು ಕರಗಿದ್ದು ಬಂಡೆಯ ಮೇಲೆ ಹರಿದು ರಾತ್ರಿ ಗಾಜಾಗುತ್ತದೆ, ಮರುದಿನ ಅದರ ಮೇಲೆ ಎರಡು ಬೆರಳು ಹಿಮ ಬಿದ್ದು ಗಾಜನ್ನು ಮುಚ್ಚುತ್ತದೆ. ಎತ್ತರದ ಪರ್ವತದಲ್ಲಿ ಮೈನಸ್ 10ರ ಹಿಮ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ಇಲ್ಲಿ ಅದು ಬಟ್ಟೆಗೆ ಅಂಟಿ ಕರಗುತ್ತದೆ. ಒಣ ಗ್ಲೌಸಿನಲ್ಲಿ ಮೈನಸ್ 8 ತಡೆದುಕೊಳ್ಳಬಹುದು, ಒದ್ದೆ ಗ್ಲೌಸಿನಲ್ಲಿ ಸೊನ್ನೆಯೂ ಕಷ್ಟ. ಜೊತೆಗೆ ಗಾಳಿ: ಸೊನ್ನೆ ಡಿಗ್ರಿಯಲ್ಲಿ 40 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಮೈನಸ್ 7ರ ಹಾಗೆ ತಾಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅನ್ನುವುದನ್ನೂ ನೆನಪಿಡಿ. 40 ಇದ್ದದ್ದು 60 ಆದರೆ ನಿಮ್ಮನ್ನು ತಳ್ಳುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಕಚ್ಚುಗಳಲ್ಲಿ ಗಾಳಿ ನುಗ್ಗಿ ಇನ್ನೂ ಜೋರಾಗುತ್ತದೆ.

ಬೇಸಿಗೆಯ ದರ್ಜೆ ಚಳಿಗಾಲಕ್ಕೆ ಲೆಕ್ಕಕ್ಕಿಲ್ಲ. ಅದೇ ಏಣು ಒಂದು ವಾರ ಎರಡು ಗಂಟೆಯ ಸಂತೋಷ, ಮುಂದಿನ ವಾರ ಹತ್ತಲೇಬಾರದ ಜಾಗ. ನೋಡಬೇಕಾದ್ದು ಬಂಡೆಯ ಮೇಲೆ ಏನು ಕೂತಿದೆ ಎಂದು.

ಕರಗಿ ಮತ್ತೆ ಹೆಪ್ಪುಗಟ್ಟಿದ ಗಟ್ಟಿ ಹಿಮ ಸಿಕ್ಕರೆ ಅದೃಷ್ಟ. ಕ್ರಾಂಪಾನ್ ಕಚ್ಚುತ್ತದೆ, ಆಕ್ಸಿನ ಮೂತಿ, ಅಂದರೆ ತಲೆಯ ಚೂಪು ಕೊಕ್ಕು, ಒಂದೇ ಏಟಿಗೆ ಕೂರುತ್ತದೆ, ಸಂದುಗಳೆಲ್ಲ ತುಂಬಿ ನಡೆಯಲು ಬೇಸಿಗೆಗಿಂತ ಸಲೀಸು. ಬಂಡೆಗಳ ನಡುವಿನ ಹುಲ್ಲುಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದ್ದರೆ ಅದೂ ಒಳ್ಳೆಯ ಆಧಾರವೇ. ಆಕ್ಸಿನಿಂದ ಕುಟ್ಟಿದಾಗ 'ಟಕ್' ಅನ್ನಬೇಕು. 'ಪಚ್' ಅಂದರೆ ಅದು ಇನ್ನೂ ಮಣ್ಣು, ಬುಡಸಮೇತ ಕಿತ್ತುಬರುತ್ತದೆ. ಇನ್ನು ಬಂಡೆಯ ಮೇಲೆ ಒಂದು ಗೇಣು ಪುಡಿಹಿಮ. ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ, ಹತ್ತಲು ತೀರಾ ಗೋಳು. ಭಾರ ಹೊರುವುದಿಲ್ಲ, ಹಿಡಿತಗಳನ್ನೆಲ್ಲ ಮುಚ್ಚಿರುತ್ತದೆ, ಪ್ರತಿಯೊಂದನ್ನೂ ಕೈಯಿಂದ ಗುಡಿಸಿ ಹುಡುಕಬೇಕು. ಎರಡು ಗಂಟೆಯ ಏಣು ಮೂರು ಗಂಟೆ ಹಿಡಿಯುತ್ತದೆ, ಗ್ಲೌಸು ಮೊದಲ ಅರ್ಧ ಗಂಟೆಯಲ್ಲೇ ಒದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ಗಾಜಿನ ಪದರ. ಒಂದೆರಡು ಮಿ.ಮೀ. ದಪ್ಪದ ಪಾರದರ್ಶಕ ಮಂಜುಗಡ್ಡೆ ಬಂಡೆಯನ್ನು ಮೆತ್ತಿಕೊಂಡಿರುತ್ತದೆ. ಬಂಡೆ ಬರೀ ಒದ್ದೆಯಾಗಿ ಹೊಳೆಯುತ್ತಿದೆ ಅನಿಸುತ್ತದೆ. ಬೂಟು ನಿಲ್ಲದಷ್ಟು ನುಣುಪು, ಕ್ರಾಂಪಾನಿನ ಮೊಳೆ ಕಚ್ಚಲಾರದಷ್ಟು ತೆಳು. ಏಣಿನ ಬುಡದ ಮೊದಲ ಬಂಡೆಯ ಮೇಲೆ ಆಕ್ಸಿನ ಮೂತಿಯಿಂದ ಗೀರಿ ನೋಡಿ. ಚಕ್ಕೆ ಎದ್ದು ಕೆಳಗೆ ಕಪ್ಪು ಒಣ ಕಲ್ಲು ಕಂಡರೆ ಇದೇ. ಬುಡದಲ್ಲೇ ಹಾಗಿದ್ದರೆ ಮೇಲೆ ಸರಿಹೋಗುತ್ತದೆ ಅನ್ನುವ ಆಸೆ ಬೇಡ, ಅಲ್ಲಿಂದಲೇ ತಿರುಗಿ.

ಏಣಿಗಿಂತ ನನಗೆ ಹೆಚ್ಚು ಯೋಚನೆ ಆ ಬೋಗುಣಿಯದು. ಗಾಳಿ ಏಣಿನ ಒಂದು ಕಡೆಯಿಂದ ಹಿಮವನ್ನು ಗುಡಿಸಿ ಇನ್ನೊಂದು ಕಡೆಯ ಮರೆಯಲ್ಲಿ ಸುರಿಯುತ್ತದೆ, ಬೋಗುಣಿಯ ಹಿಂಗೋಡೆ ಸಾಮಾನ್ಯವಾಗಿ ಆ ಮರೆ. ಹಾಗೆ ಕೂತ ಹಿಮ ಹಲಗೆಯ ಹಾಗೆ ಗಟ್ಟಿಯಾಗಿ, ಕೆಳಗಿನ ಪದರಕ್ಕೆ ಸರಿಯಾಗಿ ಅಂಟದೆ ಇರುತ್ತದೆ. ಇಂಥ ಹಲಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮತ್ತು ಅದನ್ನು ಜಾರಿಸುವುದು ಬಹುತೇಕ ಅದರ ಮೇಲೆ ಕಾಲಿಟ್ಟವರೇ. ನಕ್ಷೆಯಲ್ಲೇ ಅಳೆಯಬಹುದು: 1:25,000 ನಕ್ಷೆ, 10 ಮೀಟರ್ ಅಂತರದ ಸಮೋನ್ನತಿ ರೇಖೆಗಳಾದರೆ, ಐದು ಅಂತರ ಸೇರಿ 3.5 ಮಿ.ಮೀ. ಬಂದರೆ 30 ಡಿಗ್ರಿ, 2 ಮಿ.ಮೀ. ಬಂದರೆ 45 ಡಿಗ್ರಿ. ನಿಮ್ಮ ಹಾದಿ ಆ ಎರಡರ ನಡುವಿನ ಪಟ್ಟಿಯನ್ನು ಗಾಳಿಮರೆಯಲ್ಲಿ ದಾಟುತ್ತದೆಯೇ ನೋಡಿ. ಸ್ಥಳದಲ್ಲಿ ಕಾಣುವ ಗುರುತುಗಳು: ಹೆಜ್ಜೆ ಇಟ್ಟಾಗ ಡೊಳ್ಳಿನಂತೆ ಟೊಳ್ಳು ಸದ್ದು, 'ಧಪ್' ಎಂದು ಕುಸಿದಂತಾಗುವುದು, ಬೂಟಿನಿಂದ ಮುಂದಕ್ಕೆ ಓಡುವ ಬಿರುಕು, ಸೀಮೆಸುಣ್ಣದಂಥ ಮಾಸಲು ಬಿಳುಪು. ಬಿರುಕು ಓಡಿತು ಅಂದರೆ ಚರ್ಚೆ ಮುಗಿಯಿತು, ಬಂದ ಹೆಜ್ಜೆಗುರುತಿನಲ್ಲೇ ಹಿಂದಕ್ಕೆ. ಯುರೋಪಿನ ಹಿಮಕುಸಿತ ಮುನ್ಸೂಚನೆ 5 ಮಟ್ಟದ್ದು. ಮೂರನೆಯದು ಮಧ್ಯದಲ್ಲಿದೆ ಎಂದು ಅದನ್ನು 'ಸಾಧಾರಣ' ಅಂದುಕೊಳ್ಳುವವರು ತುಂಬ ಜನ. ಅದು ಸಾಧಾರಣವಲ್ಲ. ಆ ದಿನ ಬೋಗುಣಿ ಬೇಡ.

ಹನ್ನೆರಡು_ಮೊಳೆ (ಉತ್ತರ)

ಮೈಕ್ರೋಸ್ಪೈಕ್ ಈ ಏಣಿಗೆ ಬೇಡವೇ ಬೇಡ. ಬುಡದ ಕಾಲುದಾರಿ ಹೆಪ್ಪುಗಟ್ಟಿದ್ದರೆ ಅಲ್ಲಿಗೆ ಚೆನ್ನಾಗಿದೆ, ಅಷ್ಟೇ. ಅದರ ಹಲ್ಲು ಒಂದು ಸೆಂ.ಮೀ. ಆಸುಪಾಸು, ಮುಂದಕ್ಕೆ ಚಾಚಿದ ಮೊಳೆ ಇಲ್ಲ, ಬೂಟಿಗೆ ಹಿಡಿದುಕೊಂಡಿರುವುದು ರಬ್ಬರು. ಓರೆ ಇಳಿಜಾರಿನಲ್ಲಿ ಭಾರ ಬಿದ್ದಾಗ ರಬ್ಬರು ಹಿಗ್ಗಿ ಸರಪಳಿ ಪಕ್ಕಕ್ಕೆ ಸರಿಯುತ್ತದೆ, ಹಲ್ಲೆಲ್ಲ ಬೂಟಿನ ಅಂಚಿಗೆ ಬಂದು ಅಂಗಾಲು ಬರಿದಾಗುತ್ತದೆ.

ಕ್ರಾಂಪಾನ್ ಕೊಳ್ಳುವ ಮೊದಲು ಬೂಟು ನೋಡಿ. ಬೂಟುಗಳಿಗೆ ಬಿ0ಯಿಂದ ಬಿ3, ಕ್ರಾಂಪಾನಿಗೆ ಸಿ1ರಿಂದ ಸಿ3 ಎಂಬ ವಿಂಗಡಣೆ ಇದೆ. ಬಿ1 ಬೂಟಿಗೆ ಸಿ1, ಬಿ2ಕ್ಕೆ ಸಿ2ರವರೆಗೆ. ಬಿ0 ಬೂಟಿಗೆ ಯಾವುದೂ ಕೂರುವುದಿಲ್ಲ. ಬೂಟಿನ ಮೂತಿ, ಹಿಮ್ಮಡಿ ಎರಡನ್ನೂ ಹಿಡಿದು ಬಗ್ಗಿಸಿ. ಚಪ್ಪಲಿಯಂತೆ ಮಡಚಿಕೊಂಡರೆ ಬಿ0, ಬೂಟು ಬದಲಾಯಿಸದೆ ಮುಂದಿನ ಮಾತಿಲ್ಲ. ಜೋರಾಗಿ ಒತ್ತಿದರೆ ಮಾತ್ರ ಸ್ವಲ್ಪ ಬಾಗಿದರೆ ಬಿ1 ಇರಬಹುದು. ಸಿ2 ಕ್ರಾಂಪಾನಿನ ಹಿಂದಿನ ಕ್ಲಿಪ್ ಕೂರಲು ಹಿಮ್ಮಡಿಯಲ್ಲಿ ಎದ್ದುಕಾಣುವ ಒಂದು ಅಂಚು ಬೇಕು, ಸಾಮಾನ್ಯ ಚಾರಣದ ಬೂಟಿನಲ್ಲಿ ಅದು ಇರುವುದಿಲ್ಲ. ಕಲ್ಲೂ ಹಿಮವೂ ಬೆರೆತ ಏಣಿಗೆ ಉಕ್ಕಿನದೇ ಆಗಬೇಕು. ಅಲ್ಯುಮಿನಿಯಂ ಹಗುರ, ನಿಜ, ಕಲ್ಲಿನ ಮೇಲೆ ನಾಲ್ಕು ದಿನಕ್ಕೆ ಮೊಳೆ ಮೊಂಡಾಗುತ್ತದೆ.

ಹೊಂದಿಕೆ ಮನೆಯಲ್ಲೇ ಪರೀಕ್ಷಿಸಿ. ಪಟ್ಟಿ ಬಿಗಿಯದೆ ಕ್ರಾಂಪಾನನ್ನು ಬೂಟಿಗೆ ತೊಡಿಸಿ ಬೂಟನ್ನು ತಲೆಕೆಳಗು ಹಿಡಿದು ಅಲುಗಿಸಿ. ಬೀಳಬಾರದು. ಮುಂದಿನ ಎರಡು ಮೊಳೆ ಬೂಟಿನ ಮೂತಿಯಿಂದ ಒಂದೂವರೆ ಎರಡು ಸೆಂ.ಮೀ. ಹೊರಗಿರಬೇಕು. ಬಕಲ್ ಕಾಲಿನ ಹೊರಬದಿಗೆ ಬರಬೇಕು, ಒಳಬದಿಗೆ ಬಂದರೆ ಇನ್ನೊಂದು ಕಾಲಿನ ಮೊಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಬಾಲ ಜೋತಾಡದಂತೆ ಸಿಕ್ಕಿಸಿ. ಇದನ್ನೆಲ್ಲ ದಪ್ಪ ಗ್ಲೌಸ್ ಹಾಕಿಕೊಂಡೇ ಐದು ನಿಮಿಷದೊಳಗೆ ಮಾಡಲು ಬರುವ ತನಕ ಅಭ್ಯಾಸ ಮಾಡಿ. ತಳದಲ್ಲಿ ಹಿಮ ಅಂಟದಂತೆ ತಡೆಯುವ ಪ್ಲಾಸ್ಟಿಕ್ ತಟ್ಟೆ ಇದೆಯೇ ನೋಡಿ. ನಿಮ್ಮ ಬೆಟ್ಟದಲ್ಲಿ ಹಿಮ ಸೊನ್ನೆಯ ಆಸುಪಾಸಿನದು, ಒದ್ದೆ. ತಟ್ಟೆ ಇಲ್ಲದಿದ್ದರೆ ಹತ್ತು ಹೆಜ್ಜೆಗೆ ಅಂಗಾಲಿನಡಿ ಮುದ್ದೆ ಕಟ್ಟಿ ಮೊಳೆ ನೆಲ ಮುಟ್ಟುವುದೇ ಇಲ್ಲ. ಕಟ್ಟಿದರೆ ಆಕ್ಸಿನ ಹಿಡಿಯಿಂದ ಬೂಟಿನ ಪಕ್ಕಕ್ಕೆ ಬಡಿದು ಉದುರಿಸಬೇಕು.

ಹಾಕಿಕೊಳ್ಳುವುದು ಯಾವಾಗ? ಏಣಿನ ಬುಡದಲ್ಲಿ, ಸಮತಟ್ಟು ಜಾಗದಲ್ಲಿ. 'ಇನ್ನೊಂದು ಸ್ವಲ್ಪ ಹೋಗಿ ಹಾಕೋಣ' ಅಂದವರು ಒಂದು ಅಡಿ ಅಗಲದ ಚಾಚುಗಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು ಪಟ್ಟಿ ಹುಡುಕುತ್ತಿರುತ್ತಾರೆ. ನಡೆಯುವಾಗ ಕಾಲುಗಳ ನಡುವೆ ಒಂದು ಮುಷ್ಟಿ ಹೆಚ್ಚು ಅಂತರವಿರಲಿ, ಇಲ್ಲದಿದ್ದರೆ ಮೊಳೆ ಗೇಟರಿಗೆ (ಬೂಟಿನ ಮೇಲೆ ಮೊಣಕಾಲಿನ ಕೆಳಗೆ ತೊಡುವ ಬಟ್ಟೆಯ ಕವಚ) ಸಿಕ್ಕಿ ಮುಗ್ಗರಿಸುತ್ತೀರಿ. ಸಾಧಾರಣ ಇಳಿಜಾರಿನಲ್ಲಿ ಕೆಳಗಿನ ಮೊಳೆಗಳೆಲ್ಲ ಒಟ್ಟಿಗೆ ಕೂರುವಂತೆ ಪಾದ ಚಪ್ಪಟೆ. ಬೂಟಿನ ಅಂಚು ಊರುವ ಬೇಸಿಗೆಯ ಚಾಳಿ ಇಲ್ಲಿ ಜಾರಿಸುತ್ತದೆ. ಕಡಿದಾದಲ್ಲಿ ಮುಂದಿನ ಮೊಳೆ, ಆಗ ಹಿಮ್ಮಡಿ ತಗ್ಗಿಸಿಯೇ ಇರಬೇಕು. ಹೆದರಿಕೆಗೆ ಹಿಮ್ಮಡಿ ತಾನಾಗಿ ಮೇಲೇಳುತ್ತದೆ, ಮೇಲೆದ್ದರೆ ಸನ್ನೆಕೋಲಿನಂತೆ ಮೊಳೆ ಕಿತ್ತುಬರುತ್ತದೆ. ಕಲ್ಲಿನ ಸಣ್ಣ ಅಂಚಿನ ಮೇಲೆ ಮೊಳೆ ಇಟ್ಟಮೇಲೆ ಪಾದ ಆಡಿಸಬೇಡಿ.

ಐಸ್ ಆಕ್ಸ್ 50ರಿಂದ 60 ಸೆಂ.ಮೀ., ನೇರ ಹಿಡಿಯ ಸಾಮಾನ್ಯದ್ದು ಸಾಕು. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಬದಿಯ ಕೈಯಲ್ಲಿ. ಏಣಿನ ಕಲ್ಲುಭಾಗದಲ್ಲಿ ಎರಡೂ ಕೈ ಬೇಕಾದಾಗ ಅದನ್ನು ಬೆನ್ನಿಗೂ ಬ್ಯಾಗಿಗೂ ನಡುವೆ ಮೇಲಿನಿಂದ ತೂರಿಸಿಬಿಡಿ. ಬ್ಯಾಗು ಬಿಚ್ಚದೆ ಒಂದೇ ಕೈಯಲ್ಲಿ ಸೆಳೆದುಕೊಳ್ಳಬಹುದು.

ಜಾರಿದಾಗ ತಡೆಯುವ ಭಂಗಿ ಕಲಿಯದೆ ಆಕ್ಸ್ ಒಯ್ದರೆ ಅದು ಬರೀ ಚೂಪು ಕಬ್ಬಿಣ. ಒಂದು ಕೈ ಆಕ್ಸಿನ ತಲೆಯ ಮೇಲೆ, ಅಗಲ ಅಲಗು ಭುಜದ ಮುಂದೆ ಕೊರಳ ಮೂಳೆಯ ಕೆಳಗಿನ ಕುಳಿಯಲ್ಲಿ, ಹಿಡಿ ಎದೆಗೆ ಅಡ್ಡಡ್ಡವಾಗಿ ಎದುರು ಸೊಂಟದ ಕಡೆಗೆ. ಇನ್ನೊಂದು ಕೈ ತಳದ ಮೊಳೆಯನ್ನು ಮುಚ್ಚಿ ಹಿಡಿದಿರಬೇಕು, ಬಿಟ್ಟರೆ ಅದು ತೊಡೆಗೆ ಚುಚ್ಚುತ್ತದೆ. ಮುಖ ಅಲಗಿನಿಂದ ಆಚೆಗೆ. ಬಿದ್ದಾಗ ಆಕ್ಸಿನ ತಲೆಯಿರುವ ಕಡೆಗೆ ಉರುಳಿ ಬೋರಲಾಗಿ ಎದೆಯ ಭಾರವನ್ನೆಲ್ಲ ಮೂತಿಯ ಮೇಲೆ ಹಾಕಬೇಕು. ತಳದ ಮೊಳೆಯ ಕಡೆಗೆ ಉರುಳಿದರೆ ಅದು ನೆಲಕ್ಕೆ ನೆಟ್ಟು ಆಕ್ಸು ಕೈಯಿಂದ ಕಿತ್ತುಹೋಗುತ್ತದೆ. ಮಂಡಿ ಅಗಲಿಸಿ, ಕ್ರಾಂಪಾನ್ ಇದ್ದರೆ ಪಾದ ಮೇಲಕ್ಕೆ. ಮೊಳೆ ನೆಲಕ್ಕೆ ತಾಗಿದರೆ ಕಣಕಾಲು ಮುರಿಯುತ್ತದೆ ಇಲ್ಲವೇ ಲಾಗ ಹಾಕಿಸುತ್ತದೆ. ಇದನ್ನು ಕೆಳಗೆ ತಾನಾಗಿ ಸಮತಟ್ಟಾಗುವ, ಕಲ್ಲಿಲ್ಲದ ಇಳಿಜಾರಿನಲ್ಲಿ, ಕ್ರಾಂಪಾನ್ ತೆಗೆದು, ಹೆಲ್ಮೆಟ್ ಹಾಕಿಕೊಂಡು ಅಭ್ಯಾಸ ಮಾಡಿ. ಬೋರಲು ಬಿದ್ದದ್ದು, ಅಂಗಾತ ಬಿದ್ದದ್ದು, ತಲೆ ಕೆಳಗಾಗಿ ಬಿದ್ದದ್ದು ಮೂರೂ, ಎರಡೂ ಕೈಯಲ್ಲೂ. ಕೆಲಸ ಮಾಡುವುದು ಮೊದಲ ಒಂದೆರಡು ಸೆಕೆಂಡಿನಲ್ಲಿ ಮಾತ್ರ. ಗಟ್ಟಿ ಮಂಜುಗಡ್ಡೆಯ ಮೇಲೆ ವೇಗ ಸಿಕ್ಕಿದ ಮೇಲೆ ಅದು ಏನೂ ಮಾಡುವುದಿಲ್ಲ.

ಗ್ಲೌಸು: ತೆಳು ಒಳಪದರ, ಅದರ ಮೇಲೆ ಅಂಗೈಗೆ ಚರ್ಮವಿರುವ ಕೆಲಸದ ಜೋಡಿ, ಬ್ಯಾಗಿನಲ್ಲಿ ನಾಲ್ಕೂ ಬೆರಳು ಒಂದೇ ಚೀಲದಲ್ಲಿ ಕೂರುವ ದಪ್ಪ ಮಿಟನ್. ಕೆಲಸದ ಜೋಡಿ ಎರಡು ಒಯ್ಯಿರಿ. ಗಾಳಿಗೆ ಹಾರಿಹೋಗದಂತೆ ಮಣಿಕಟ್ಟಿಗೆ ದಾರ.

ತಪ್ಪಲು_ನಡಿಗೆ

ಇಬ್ಬರಿಗೂ ಧನ್ಯವಾದ. ಬೂಟು ಬಗ್ಗಿಸಿ ನೋಡಿದೆ, ಬಿ1 ಎಂದೇ ಒಳಗೆ ಅಚ್ಚಾಗಿದೆ. ಹಾಗಾದರೆ ಸಿ1 ಉಕ್ಕಿನದು. ಹಗ್ಗದ ಬಗ್ಗೆ ಯಾರೂ ಹೇಳಲಿಲ್ಲ. 30 ಮೀಟರ್ ಹಗ್ಗ ಒಯ್ದು, ಇಬ್ಬರೂ ಸೊಂಟಕ್ಕೆ ಕಟ್ಟಿಕೊಂಡು ಜೊತೆಯಾಗಿ ನಡೆದರೆ ಸುರಕ್ಷಿತವಲ್ಲವೇ?

ಗಂಟು_ಗಣಿತ (ಉತ್ತರ)

ಇಲ್ಲ. ಆಧಾರವಿಲ್ಲದ ಹಗ್ಗ ಇಬ್ಬರನ್ನೂ ಒಟ್ಟಿಗೆ ಬೀಳಿಸುವ ಸಾಧನ. ಒಬ್ಬರು ಜಾರಿದ ಎಳೆತವನ್ನು ಇನ್ನೊಬ್ಬರು ಬರೀ ಕಾಲ ಮೇಲೆ ನಿಂತು ತಡೆಯಲಾರರು. ಮಾರ್ಗದರ್ಶಕರು ಗಿರಾಕಿಯನ್ನು ಗಿಡ್ಡ ಹಗ್ಗದಲ್ಲಿ ಕರೆದೊಯ್ಯುವುದನ್ನು ನೋಡಿ ಜನ ಇದನ್ನು ಅನುಕರಿಸುತ್ತಾರೆ. ಅದು ವರ್ಷಗಟ್ಟಲೆಯ ಕಸುಬು, ಅಲ್ಲಿ ಹಗ್ಗ ಸದಾ ಬಿಗಿಯಾಗಿರುತ್ತದೆ, ಮೇಲಿನವರು ಪ್ರತಿ ಹೆಜ್ಜೆಗೂ ಆಧಾರ ಹುಡುಕುತ್ತಿರುತ್ತಾರೆ.

ಆದರೂ ಹಗ್ಗ ಒಯ್ಯಿರಿ ಅನ್ನುತ್ತೇನೆ, ಆ ನಾಲ್ಕು ಮೀಟರ್ ಕಚ್ಚಿಗಾಗಿ. ಒಂಟಿಯಾಗಿ ಬಳಸಲು ಮಾನ್ಯತೆ ಇರುವ 8.5ರಿಂದ 9 ಮಿ.ಮೀ. ದಪ್ಪದ 30 ಮೀಟರ್ ಹಗ್ಗ, ತಲಾ ಒಂದು ಹಗುರ ಹಾರ್ನೆಸ್ (ಸೊಂಟ, ತೊಡೆಗೆ ತೊಡುವ ಪಟ್ಟಿ), 120 ಸೆಂ.ಮೀ. ಸ್ಲಿಂಗ್ (ಹೊಲಿದ ಪಟ್ಟಿಯ ಕುಣಿಕೆ) ಎರಡು, 240ರದ್ದು ಒಂದು, ಪೇರ್ ಹಣ್ಣಿನ ಆಕಾರದ ದೊಡ್ಡ ಸ್ಕ್ರೂ ಕ್ಯಾರಬಿನರ್ (ತಿರುಪಿನಿಂದ ಮುಚ್ಚುವ ಲೋಹದ ಕೊಂಡಿ) ಮೂರು. ಸೊಂಟಕ್ಕೆ ನೇರವಾಗಿ ಕಟ್ಟಬೇಡಿ, ಬಿದ್ದು ನೇತಾಡಿದರೆ ಉಸಿರೇ ಆಡದು.

ಕೆಲಸ ಹೀಗೆ. ಕಚ್ಚಿನ ಮೇಲಂಚಿನಲ್ಲಿ ಕೊಂಬಿನಂತೆ ಎದ್ದ ಕಲ್ಲು ಹುಡುಕಿ. ಅದು ಬೆಟ್ಟದ ಭಾಗವೇ, ಹಿಮದಲ್ಲಿ ನೆಟ್ಟು ನಿಂತ ಬಿಡಿಗಲ್ಲೇ ಎಂದು ಬುಡದ ಹಿಮ ಕೆದಕಿ ನೋಡಬೇಕು. ಅಂಗೈಯ ಬುಡದಿಂದ ಗುದ್ದಿ, ಇನ್ನೊಂದು ಕೈ ಕಲ್ಲಿನ ಮೇಲಿರಲಿ. ಟೊಳ್ಳು ಸದ್ದು ಬಂದರೆ ಅಥವಾ ಕೈಗೆ ಅದುರು ತಾಗಿದರೆ ಬೇರೆ ಕಲ್ಲು. ಕೊಂಬಿನ ಹಿಂಬದಿಯ ಮಂಜುಗಡ್ಡೆಯನ್ನು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಸ್ಲಿಂಗ್ ಮೇಲಕ್ಕೆ ಜಾರಿ ಕಳಚುತ್ತದೆ. ಸ್ಲಿಂಗ್ ಸುತ್ತಿ, ಕ್ಯಾರಬಿನರ್ ಹಾಕಿ, ಅದರಲ್ಲಿ ಇಟಾಲಿಯನ್ ಹಿಚ್ ಗಂಟಿನಿಂದ (ಓಡುವ ಹಗ್ಗವನ್ನು ಉಜ್ಜಿ ತಡೆಯುವ ಗಂಟು) ಹಗ್ಗ ಬಿಡುತ್ತ ಮೊದಲಿನವರನ್ನು ಇಳಿಸಿ. ತೂಕ ಬೀಳುವುದು ಕಲ್ಲಿನ ಮೇಲೆ, ನಿಮ್ಮ ಮೇಲಲ್ಲ. ಹಗ್ಗ ಒದ್ದೆಯಾಗಿ ಹೆಪ್ಪುಗಟ್ಟಿದಾಗ ಬಿಲೇ ಸಾಧನಗಳು (ಹಗ್ಗವನ್ನು ಹಿಡಿದು ತಡೆಯುವ ಲೋಹದ ಉಪಕರಣಗಳು) ಜಾರುವುದೂ ಉಂಟು, ಸಿಕ್ಕಿಕೊಳ್ಳುವುದೂ ಉಂಟು; ಈ ಗಂಟು ಅಂಥಲ್ಲೂ ಓಡುತ್ತದೆ. ಮೇಲಿನಿಂದ ಹಗ್ಗದಲ್ಲಿ ಕಾಪಾಡುತ್ತಿರುವಾಗ ನಡುವೆ ಸಡಿಲ ಕುಣಿಕೆ ಬಿಡಬಾರದು.

ಎರಡನೆಯವರು ಇಳಿಯುವುದು ಹೇಗೆ ಎಂಬುದನ್ನು ಮೊದಲೇ ಯೋಚಿಸಿ. ಹಗ್ಗವನ್ನು ಅದೇ ಕೊಂಬಿಗೆ ನಡು ಮಡಿಸಿ ಹಾಕಿ, ಒಂದು ತುದಿ ತಾನು ಕಟ್ಟಿಕೊಂಡು, ಇನ್ನೊಂದನ್ನು ಕೆಳಗಿನವರು ಬಿಡುತ್ತ ಬಂದರೆ ಮೇಲಿನವರಿಗೂ ರಕ್ಷಣೆ ಸಿಗುತ್ತದೆ, ಆಮೇಲೆ ಹಗ್ಗ ಎಳೆದುಕೊಳ್ಳಬಹುದು. ಇದಕ್ಕೆ ಕಲ್ಲಿನ ಹಿಂಬದಿ ನುಣುಪಾಗಿರಬೇಕು, ಸಂದಿನಲ್ಲಿ ಸಿಕ್ಕಿಕೊಂಡರೆ ಹಗ್ಗ ಮೇಲೇ ಉಳಿಯಿತು. ಮೂರನ್ನೂ, ಅಂದರೆ ಕೊಂಬು ಪರೀಕ್ಷೆ, ಹಿಚ್, ಈ ಇಳಿಕೆ, ಬಲ್ಲವರೊಬ್ಬರ ಕಣ್ಣೆದುರು ತಗ್ಗು ಬಂಡೆಯ ಮೇಲೆ ಮೊದಲೇ ಕಲಿತಿರಬೇಕು. ಕಲಿಯದಿದ್ದರೆ ಹಗ್ಗವನ್ನು ಮನೆಯಲ್ಲೇ ಬಿಟ್ಟು, ಕಚ್ಚನ್ನು ಇಂದು ದಾಟುವುದಿಲ್ಲ ಎಂಬ ಲೆಕ್ಕದಲ್ಲಿ ಹೊರಡಿ.

ಇಬ್ಬನಿಗಲ್ಲು

ಆ ಬಳಸುದಾರಿಯ ಮಾತು ತಪ್ಪಿಹೋಗಿತ್ತು. ಅದನ್ನು ಪಾರಾಗುವ ದಾರಿ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಅದು ಇಳಿಜಾರಿನಲ್ಲಿ ಕೊರೆದ ಒಂದಡಿಯ ಮೆಟ್ಟಿಲು. ಹಿಮ ಬಿದ್ದಾಗ ಆ ಮೆಟ್ಟಿಲು ತುಂಬಿ ಇಡೀ ಪಕ್ಕ ಒಂದೇ ಸಮ ಹಲಗೆಯಾಗುತ್ತದೆ, ಕೆಳಗೆ ನೇರ ಕಣಿವೆ. ಗಾಳಿಮರೆಯ ಕಡೆಗಿದ್ದರೆ ಜಾರುವ ಹಿಮವೂ ಅಲ್ಲೇ ಕೂತಿರುತ್ತದೆ. ನೆತ್ತಿಗೆರೆಯ ಮೇಲೆ ಕಲ್ಲು ಹಿಡಿಯಲು ಸಿಗುತ್ತದೆ, ಗಾಳಿ ಹಿಮವನ್ನು ಗುಡಿಸಿರುತ್ತದೆ. ಚಳಿಗಾಲದಲ್ಲಿ ಬಹಳಷ್ಟು ಏಣುಗಳಲ್ಲಿ ಹೆದರಿಕೆ ಹುಟ್ಟಿಸುವ ಮೇಲ್ದಾರಿಯೇ ಪಕ್ಕದ 'ಸುಲಭ' ದಾರಿಗಿಂತ ಭದ್ರ. ಕಚ್ಚು ಬೇಡ ಅನಿಸಿದರೆ ಬಂದ ಏಣಿನಲ್ಲೇ ಹಿಂದಕ್ಕೆ.

ಇನ್ನೊಂದು: ಏಣು ಹಿಮದಿಂದ ಅಗಲವಾದಂತೆ ಕಂಡಲ್ಲಿ ಅನುಮಾನಿಸಿ. ಗಾಳಿಮರೆಯ ಕಡೆಗೆ ಹಿಮ ಚಜ್ಜಾದಂತೆ ಹೊರಚಾಚಿ ಬೆಳೆದಿರುತ್ತದೆ, ಮೇಲಿಂದ ನೋಡಿದರೆ ಸಮತಟ್ಟು ನೆಲ. ಅದು ಮುರಿಯುವ ಗೆರೆ ಅಂಚಿನಲ್ಲಲ್ಲ, ಅಂದಾಜಿಗಿಂತ ಎಷ್ಟೋ ಒಳಗೆ, ಕೆಳಗೆ ಬಂಡೆ ಇದೆ ಅಂದುಕೊಂಡ ಜಾಗದಲ್ಲೇ. ಗಾಳಿ ಬಡಿಯುವ ಕಡೆಗೆ ಸರಿದು ಕಲ್ಲು ಕಾಣುವಲ್ಲಿ ನಡೆಯಿರಿ.

ಹಿಡಿತಗಳ ಬಗ್ಗೆ: ಬೆಳಿಗ್ಗೆ ಮಂಜುಗಡ್ಡೆಯ ಅಂಟಿನಲ್ಲಿ ಭದ್ರವಾಗಿ ಕೂತ ಕಲ್ಲು ಮಧ್ಯಾಹ್ನ ಬಿಸಿಲು ಬಿದ್ದಮೇಲೆ ಕೈಗೆ ಬರುತ್ತದೆ. ಮೂರು ಆಧಾರ ನೆಲೆಯಾಗಿದ್ದಾಗಲೇ ನಾಲ್ಕನೆಯದನ್ನು ಆಡಿಸಿ, ಕಲ್ಲನ್ನು ಹೊರಕ್ಕೆ ಎಳೆಯದೆ ಕೆಳಕ್ಕೆ ಒತ್ತಿ ಭಾರ ಹಾಕಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು.

ದಿಕ್ಕು_ದೆಸೆ (ಉತ್ತರ)

ಸಮಯದ ಲೆಕ್ಕ ಹಾಕೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏಣಿನ ಬುಡದವರೆಗೆ 4 ಕಿ.ಮೀ. ಮತ್ತು 400 ಮೀಟರ್ ಏರು, ಅಂದರೆ 48 ನಿಮಿಷ ಮತ್ತು 40 ನಿಮಿಷ, ಸುಮಾರು ಒಂದೂವರೆ ಗಂಟೆ. ಹಿಮ, ಭಾರದ ಬ್ಯಾಗು ಸೇರಿಸಿ ಅದನ್ನು ಒಂದೂವರೆ ಪಟ್ಟು ಮಾಡಿ: ಎರಡೂಕಾಲು. ಸೂರ್ಯೋದಯ ಕಾಯದೆ 7:30ಕ್ಕೇ ಹೆಡ್‌ಟಾರ್ಚ್ ಹಾಕಿಕೊಂಡು ಹೊರಟರೆ 9:45ಕ್ಕೆ ಬುಡ. ತೊಡುಗೆಗೆ ಅರ್ಧ ಗಂಟೆ. ಏಣಿಗೆ ಈ ಸೂತ್ರ ಅನ್ವಯಿಸುವುದಿಲ್ಲ, ಎರಡು ಗಂಟೆ ಹಿಡಿಯಿರಿ, ಪುಡಿಹಿಮವಾದರೆ ಮೂರು. ನೆತ್ತಿ 12:15ರಿಂದ 1:15. ಇಳಿಯಲು ಎರಡು ಗಂಟೆ. ಕೆಟ್ಟ ಲೆಕ್ಕದಲ್ಲೂ 3:15ಕ್ಕೆ ಕೆಳಗೆ, ಒಂದು ಗಂಟೆ ಕೈಯಲ್ಲಿರುತ್ತದೆ. ಆ ಒಂದು ಗಂಟೆ ಫೋಟೋಗಲ್ಲ. ಕಳಚಿದ ಕ್ರಾಂಪಾನಿಗೆ, ಸಿಕ್ಕಿಕೊಂಡ ಹಗ್ಗಕ್ಕೆ.

ಹೊರಡುವ ಮೊದಲೇ ಎರಡು ಗಡುವು ಬರೆದಿಟ್ಟುಕೊಳ್ಳಿ. 10:30ರೊಳಗೆ ಏಣಿನ ಬುಡ, 12ರೊಳಗೆ ಕಚ್ಚಿನ ಮೇಲಂಚು. ತಪ್ಪಿದರೆ ವಾಪಸ್. ಕಚ್ಚಿಗೆ ಇಳಿದ ಮೇಲೆ ಹಿಂದಿರುಗುವುದು ಮುಂದೆ ಹೋಗುವುದಕ್ಕಿಂತ ಕಷ್ಟ, ಹಾಗಾಗಿ ತೀರ್ಮಾನದ ಜಾಗ ಕಚ್ಚಿನ ಈಚೆ ಬದಿ, ಆಚೆಯಲ್ಲ.

ನೆತ್ತಿಯಲ್ಲಿ ಬಿಳಿಮಂಜು ಮುಸುಕಿದರೆ ನೆಲ, ಆಕಾಶ ಎರಡೂ ಒಂದೇ ಬಣ್ಣ. ಇಳಿಜಾರು ಮೇಲಕ್ಕಿದೆಯೋ ಕೆಳಕ್ಕೋ ತಿಳಿಯುವುದಿಲ್ಲ. ಇಳಿಯುವ ಹಾದಿಯ ಮೊದಲ ಎರಡು ತುಂಡಿನ ದಿಕ್ಕು ಮತ್ತು ದೂರವನ್ನು ಮನೆಯಲ್ಲೇ ನಕ್ಷೆಯಿಂದ ತೆಗೆದು ಚೀಟಿಯಲ್ಲಿ ಬರೆಯಿರಿ. ಗಾಳಿಯಲ್ಲಿ ನಕ್ಷೆ ಬಿಡಿಸುವುದು ಆಗುವ ಮಾತಲ್ಲ. ಒಬ್ಬರು ದಿಕ್ಸೂಚಿ ಹಿಡಿದು ಹಿಂದೆ, ಇನ್ನೊಬ್ಬರು ಹತ್ತು ಹದಿನೈದು ಹೆಜ್ಜೆ ಮುಂದೆ. ಹಿಂದಿನವರು ಎಡ, ಬಲ ಎಂದು ತಿದ್ದುತ್ತ ಹೋಗಬೇಕು. ಮುಂದೆ ಅಂಚಿದೆ ಎಂಬ ಅನುಮಾನ ಬಂದರೆ ಹಿಮದ ಉಂಡೆ ಎಸೆಯಿರಿ. ಬಿದ್ದು ನಿಂತರೆ ನೆಲ, ಕಾಣದೇ ಹೋದರೆ ಪ್ರಪಾತ. ದೂರಕ್ಕೆ ಹೆಜ್ಜೆ ಎಣಿಸಿ: ಒಂದೇ ಕಾಲಿನ ಹೆಜ್ಜೆ ಎಣಿಸಿದರೆ ಸಮನೆಲದಲ್ಲಿ 100 ಮೀಟರಿಗೆ 60-65 ಬರುತ್ತದೆ, ಹಿಮದಲ್ಲಿ 80 ದಾಟಬಹುದು. ನಿಮ್ಮದೆಷ್ಟು ಎಂದು ಮೊದಲೇ ಅಳೆದಿಡಿ. ಮೊಬೈಲು ಒಳ ಅಂಗಿಯ ಜೇಬಿನಲ್ಲಿ, ಏರ್‌ಪ್ಲೇನ್ ಮೋಡಿನಲ್ಲಿ. ಜಿಪಿಎಸ್ ಆಗಲೂ ನಡೆಯುತ್ತದೆ. ಅದೇ ಜೇಬಿಗೆ ದಿಕ್ಸೂಚಿ ಹಾಕಬೇಡಿ, ಮೊಬೈಲಿನ ಸ್ಪೀಕರಿನ ಅಯಸ್ಕಾಂತ ಮುಳ್ಳಿನ ಧ್ರುವವನ್ನೇ ತಿರುವುಮುರುವು ಮಾಡಬಲ್ಲದು. ಹೆಡ್‌ಟಾರ್ಚಿಗೆ ಲಿಥಿಯಂ ಸೆಲ್ ಒಳ್ಳೆಯದು, ಆಲ್ಕಲೈನ್ ಚಳಿಗೆ ಬೇಗ ಕೈಕೊಡುತ್ತದೆ. ತಲಾ ಒಂದು ಟಾರ್ಚ್, ಇಬ್ಬರಿಗೆ ಒಂದಲ್ಲ.

ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ. ಅಗಲಬಾಯಿಯ ಬಾಟಲಿಯನ್ನು ತಲೆಕೆಳಗಾಗಿ ಬ್ಯಾಗಿನೊಳಗೆ ಇಡಿ, ಮಂಜು ಕಟ್ಟುವುದು ಮೇಲ್ಭಾಗದಿಂದ, ಆಗ ಮುಚ್ಚಳ ಬಿಡಿಸಲು ಬರುತ್ತದೆ. ಗ್ಲೌಸಿನಲ್ಲೇ ತಿನ್ನಬಹುದಾದ ಚಿಕ್ಕ ತುಂಡುಗಳು ಜೇಬಿನಲ್ಲಿರಲಿ. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ. ಬೆವರಿದ ಮೈ ಏಣಿನ ಗಾಳಿಗೆ ಸಿಕ್ಕರೆ ನಡುಕ ನಿಲ್ಲುವುದಿಲ್ಲ. ನಿಂತ ಕೂಡಲೇ ಎಲ್ಲದರ ಮೇಲೆ ಹಾಕಿಕೊಳ್ಳುವಷ್ಟು ದೊಡ್ಡದಾದ ದಪ್ಪ ಜಾಕೆಟ್ ಬ್ಯಾಗಿನ ಬಾಯಲ್ಲೇ ಇರಲಿ. ಇಬ್ಬರು ಒಳಗೆ ಕೂರಬಹುದಾದ ಗಾಳಿತಡೆ ಚೀಲ, ಕೂರಲು ಫೋಮ್ ಚಾಪೆ, ಸೀಟಿ. ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು: ಇದು ಬೆಟ್ಟದಲ್ಲಿ ನೆರವು ಕೇಳುವ ಸಂಕೇತ. ಮೂರು ಸೀಟಿ ಬಂದರೆ ಅದು ಉತ್ತರ, ಆಗ ನಿಲ್ಲಿಸದೆ ಊದುತ್ತಿರಿ. ಜೊತೆಗಾರರ ಮಾತು ತೊದಲುತ್ತಿದ್ದರೆ, ಬಕಲ್ ಹಾಕಲು ತಡಕಾಡುತ್ತಿದ್ದರೆ, ಸುಮ್ಮಸುಮ್ಮನೆ ಎಡವುತ್ತಿದ್ದರೆ ಮೈ ಶಾಖ ಇಳಿಯುತ್ತಿದೆ ಎಂದೇ ತಿಳಿಯಿರಿ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ಇನ್ನೂ ಕೆಟ್ಟದ್ದು.

ಇಳಿಯುವಾಗ ಕ್ರಾಂಪಾನ್ ಹಾಕಿಕೊಂಡು ಕುಂಡೆ ಊರಿ ಜಾರುವ ಆಟ ಬೇಡ. ಒಂದು ಮೊಳೆ ಕಚ್ಚಿದರೆ ಕಣಕಾಲು ಹೋಯಿತು.

ತಪ್ಪಲು_ನಡಿಗೆ

ಬಳಸುದಾರಿಯ ಲೆಕ್ಕ ಕೈಬಿಟ್ಟೆ. ನಕ್ಷೆಯಲ್ಲಿ ಅಳೆದೆ, ಬೋಗುಣಿಯ ಹಿಂಗೋಡೆ ಐದು ಅಂತರಕ್ಕೆ 2.5 ಮಿ.ಮೀ. ಬರುತ್ತಿದೆ. ಕಾಲುದಾರಿ ಅದರ ಬುಡದಲ್ಲೇ ಹಾಯುತ್ತದೆ. ಮೇಲೆ ಹತ್ತದೆ ಬುಡದಲ್ಲಿ ಹೋದರೆ ಪರವಾಗಿಲ್ಲವೇ? ಇನ್ನೊಂದು, ಕಲ್ಲಿನ ಮೇಲೆ ನಡೆದು ಮೊಂಡಾದ ಕ್ರಾಂಪಾನನ್ನು ಅಂಗಡಿಯ ಗ್ರೈಂಡರಿನಲ್ಲಿ ಸಾಣೆ ಹಿಡಿಸಬಹುದೇ?

ಇಬ್ಬನಿಗಲ್ಲು

2.5 ಅಂದರೆ 39 ಡಿಗ್ರಿ, ಹಲಗೆ ಜಾರಲು ಹೇಳಿಮಾಡಿಸಿದ ಇಳಿಜಾರು. ಬುಡದಲ್ಲಿ ಹೋಗುವುದೂ ಅದರ ಕೆಳಗೇ ಹೋದಂತೆ. ಜಾರಿದ್ದು ಅಲ್ಲಿಗೇ ಬರುತ್ತದೆ. ಬೋಗುಣಿಯ ನಡುನೆಲದ ಆಚೆಗೆ, ಗೋಡೆಯಿಂದ ಸಾಕಷ್ಟು ದೂರ, ಇಲ್ಲವೇ ಬೋಗುಣಿಗೇ ಇಳಿಯದೆ ಏಣಿನ ಬಾಲದ ಗುಡ್ಡದಿಂದಲೇ ಹತ್ತುವ ಗೆರೆ ನಕ್ಷೆಯಲ್ಲಿ ಇದೆಯೇ ನೋಡಿ. ಅರ್ಧ ಗಂಟೆ ಹೆಚ್ಚಾಗಬಹುದು, ಆಗ 7:30ರ ಬದಲು 7ಕ್ಕೆ ಹೊರಡಿ.

ಹನ್ನೆರಡು_ಮೊಳೆ

ಗ್ರೈಂಡರ್ ಬೇಡ. ಬಿಸಿಗೆ ಉಕ್ಕಿನ ಹದ ಹೋಗಿ ಮೊಳೆ ಮೆತ್ತಗಾಗುತ್ತದೆ. ಕೈ ಅರದಿಂದ, ಒಂದೇ ದಿಕ್ಕಿನಲ್ಲಿ, ಮೊಳೆಯ ಸಣ್ಣ ಅಂಚುಗಳನ್ನು ಮಾತ್ರ ಉಜ್ಜಿ. ಅಗಲ ಮುಖ ಸವೆಸಿದರೆ ಮೊಳೆ ತೆಳುವಾಗಿ ಬಾಗುತ್ತದೆ. ಕಲ್ಲುಏಣಿಗೆ ಸೂಜಿಯಷ್ಟು ಚೂಪೂ ಬೇಡ, ಮೊದಲ ಬಂಡೆಗೇ ತುದಿ ಮುರಿಯುತ್ತದೆ. ಬಂದ ದಿನವೇ ಒದ್ದೆ ಚೀಲದಿಂದ ತೆಗೆದು ಒಣಗಿಸಿ, ಬಕಲ್ಲಿನ ಪಟ್ಟಿಯಲ್ಲಿ ಕೊಯ್ತ ಬಿದ್ದಿದೆಯೇ ಬೆರಳಾಡಿಸಿ ನೋಡಿ.